ಆ ಆದೇಶ ಈಗಲೂ ಜಾರಿಯಲ್ಲಿದೆಯೇ? ದೇಶದೇಶಗಳ ಟೆಲಿಕಾಂ ತೀರ್ಮಾನಗಳನ್ನು ಒಂದೆಡೆ ಇಡುವ ಕೆಲಸ

ಮಾತಾಡುತ್ತಿರುವಾಗಲೇ ಕರೆ ಕಟ್ಟಾದರೆ ಗ್ರಾಹಕರಿಗೆ 1 ರೂಪಾಯಿ ವಾಪಸ್, ದಿನಕ್ಕೆ ಹೆಚ್ಚೆಂದರೆ 3 ಸಲ. ಭಾರತದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಈ ನಿಯಮ ಹೊರಡಿಸಿದ್ದು 2015ರ ಅಕ್ಟೋಬರ್ 16ರಂದು. ಜಾರಿಯ ದಿನ 2016ರ ಜನವರಿ 1. ಕರೆ ಕಟ್ಟಾದ 4 ಗಂಟೆಯೊಳಗೆ ಕರೆ ಮಾಡಿದವರಿಗೆ ಮೆಸೇಜ್ ಹೋಗಬೇಕು, ಪೋಸ್ಟ್‌ಪೇಯ್ಡ್ ಆದರೆ ಮುಂದಿನ ಬಿಲ್ಲಿನಲ್ಲಿ ವಿವರ ಕಾಣಿಸಬೇಕು ಎಂಬುದೂ ಅದರಲ್ಲಿದೆ. ಓದಲು ಅಚ್ಚುಕಟ್ಟಾದ ಪಠ್ಯ. ಬೇರೆ ದೇಶದ ನಿಯಂತ್ರಕರ ಕಚೇರಿಯಲ್ಲಿ ಯಾರಾದರೂ ಕಾಲ್ ಡ್ರಾಪ್ ಪರಿಹಾರದ ಬಗ್ಗೆ ಹುಡುಕಿದರೆ ಈ ಪಿಡಿಎಫ್ ಸಿಗುತ್ತದೆ. ‘ಭಾರತದಲ್ಲಿ ಈ ವ್ಯವಸ್ಥೆ ಇದೆ’ ಎಂದು ಅವರು ಟಿಪ್ಪಣಿ ಬರೆದರೆ ತಪ್ಪು ಅವರದ್ದಲ್ಲ, ಪಿಡಿಎಫ್ ಒಂದನ್ನೇ ಕೊಟ್ಟು ಸುಮ್ಮನಾದವರದ್ದು.

ಏಕೆಂದರೆ ಆ ನಿಯಮ ಉಳಿಯಲಿಲ್ಲ. ದೆಹಲಿ ಹೈಕೋರ್ಟ್ 2016ರ ಫೆಬ್ರವರಿ 29ರಂದು ಅದನ್ನು ಎತ್ತಿಹಿಡಿಯಿತು. ಮೇ 11ರಂದು ಸುಪ್ರೀಂ ಕೋರ್ಟ್ ರದ್ದುಮಾಡಿತು. ಮೂಲ ಪಿಡಿಎಫ್‌ನ ಒಳಗೆ ಇದರ ಗುರುತೇ ಇಲ್ಲ, ಇರುವುದು ಸಾಧ್ಯವೂ ಇಲ್ಲ. ಹೊರಡಿಸಿದ ದಿನ ಅದು ಹೇಗಿತ್ತೋ ಇವತ್ತೂ ಹಾಗೆಯೇ ಇದೆ.

ದೇಶದೇಶಗಳ ಟೆಲಿಕಾಂ ಆದೇಶಗಳನ್ನು ಒಂದು ಡೇಟಾಬೇಸ್‌ಗೆ ಸೇರಿಸುವವರಿಗೆ, ಅದನ್ನು ದಿನವೂ ತೆರೆದು ನೋಡುವವರಿಗೆ ಈ ಬರಹ. ಬೆಂಗಳೂರಿನಲ್ಲೇ ಕುಳಿತು ಹತ್ತಾರು ದೇಶಗಳ ಟೆಲಿಕಾಂ ನಿಯಮಗಳ ಲೆಕ್ಕ ಇಡುವ ತಂಡಗಳಿವೆ; ಅವರಿಗೆ ಇಲ್ಲಿನ ಕಷ್ಟಗಳು ಹೊಸವಲ್ಲ. ಆದೇಶವನ್ನು ಹಂಚಿಕೊಳ್ಳುವುದೆಂದರೆ ಅದರ ಆಯುಷ್ಯವನ್ನೂ ಹಂಚಿಕೊಳ್ಳುವುದು. ಯಾವ ಅಧಿಕಾರದಲ್ಲಿ ಹುಟ್ಟಿತು, ಯಾವಾಗ ತಿದ್ದುಪಡಿ ಆಯಿತು, ಯಾರು ತಡೆದರು, ಈಗ ಇದೆಯೋ ಇಲ್ಲವೋ. ಇಷ್ಟು ಇಲ್ಲದ ಡೇಟಾಬೇಸ್ ಖಾಲಿ ಡೇಟಾಬೇಸ್‌ಗಿಂತ ಅಪಾಯಕಾರಿ. ಖಾಲಿ ಇದ್ದರೆ ಬೇರೆ ಕಡೆ ಹುಡುಕುತ್ತೇವೆ, ತುಂಬಿದ್ದರೆ ನಂಬಿಬಿಡುತ್ತೇವೆ.

ಈ ಹಂಚಿಕೆಯ ಅಗತ್ಯ ಜೋರಾದದ್ದು 1990ರ ದಶಕದ ಕೊನೆಯಲ್ಲಿ. 1997ರ ಫೆಬ್ರವರಿ 15ರಂದು 69 ಸರ್ಕಾರಗಳು ವಿಶ್ವ ವ್ಯಾಪಾರ ಸಂಸ್ಥೆ ಡಬ್ಲ್ಯುಟಿಒದಲ್ಲಿ ಮೂಲ ಟೆಲಿಕಾಂ ಸೇವೆಗಳ ಮಾತುಕತೆ ಮುಗಿಸಿದವು. 1998ರ ಫೆಬ್ರವರಿ 5ರಿಂದ ಅದು ಜಾರಿಗೆ ಬಂತು. ಜೊತೆಗಿದ್ದ ‘ರೆಫರೆನ್ಸ್ ಪೇಪರ್’ ಎಂಬ ಸಣ್ಣ ದಾಖಲೆ, ನಿಯಂತ್ರಕರು ಕಂಪನಿಗಳಿಂದ ಬೇರೆಯಾಗಿರಬೇಕು, ಪರವಾನಗಿಯ ಷರತ್ತುಗಳು ಬಹಿರಂಗವಾಗಿರಬೇಕು, ಒಂದು ಕಂಪನಿಯ ಜಾಲವನ್ನು ಇನ್ನೊಂದಕ್ಕೆ ಜೋಡಿಸುವ ಅಂತರ್‌ಸಂಪರ್ಕದ ಕಾರ್ಯವಿಧಾನ ಎಲ್ಲರಿಗೂ ಕಾಣುವಂತಿರಬೇಕು ಎಂದಿತು. ನಮ್ಮ ಟ್ರಾಯ್ ಸ್ಥಾಪನೆಯಾದದ್ದೂ 1997ರ ಅದೇ ಫೆಬ್ರವರಿಯ 20ರಂದು. ಆ ವರ್ಷಗಳಲ್ಲಿ ಒಂದಾದ ಮೇಲೊಂದು ದೇಶದಲ್ಲಿ ಹೊಸ ನಿಯಂತ್ರಕರು ಬಂದರು. ಎಲ್ಲರ ಎದುರಿಗೂ ಅದೇ ಪ್ರಶ್ನೆಗಳು: ಒಂದು ಕಂಪನಿಯ ಜಾಲದಿಂದ ಇನ್ನೊಂದಕ್ಕೆ ಹೋಗುವ ಕರೆಗೆ ನಿಮಿಷಕ್ಕೆ ಎಷ್ಟು ಶುಲ್ಕ? ಹಳೆಯ ಸರ್ಕಾರಿ ಕಂಪನಿಯ ತಾಮ್ರದ ತಂತಿಯನ್ನು ಹೊಸಬರಿಗೆ ಯಾವ ದರಕ್ಕೆ ಕೊಡಿಸಬೇಕು? ಪಕ್ಕದವರು ಏನು ಮಾಡಿದರು ಎಂದು ನೋಡದೆ ಬೇರೆ ದಾರಿ ಇರಲಿಲ್ಲ.

ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಟೆಲಿಕಾಂ ಸಂಸ್ಥೆ ಐಟಿಯು 2000ದಿಂದ ನಿಯಂತ್ರಕರ ಜಾಗತಿಕ ಸಮಾವೇಶ ನಡೆಸುತ್ತಿದೆ, ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಳ್ಳುತ್ತದೆ. ಅದರ ‘ರೆಗ್ಯುಲೇಟರಿ ಟ್ರ್ಯಾಕರ್’ 50 ಸೂಚಕಗಳನ್ನು ನಾಲ್ಕು ಗುಂಪು ಮಾಡಿ ದೇಶಗಳಿಗೆ ಅಂಕ ಕೊಡುತ್ತದೆ. ಯಾವ ದೇಶದಲ್ಲಿ ಯಾವ ವ್ಯವಸ್ಥೆ ಇದೆ ಎಂದು ಒಂದೇ ನೋಟಕ್ಕೆ ತಿಳಿಯಲು ಇದು ಒಳ್ಳೆಯದು. ಆದರೆ ಅಂತರ್‌ಸಂಪರ್ಕ ದರ ಪ್ರಕಟವಾಗಿದೆಯೇ ಎಂಬುದಕ್ಕೆ ‘ಹೌದು’ ಎಂಬ ಉತ್ತರ ಸಿಕ್ಕರೆ, ಆ ದರ ಎಷ್ಟು, ಯಾವ ಲೆಕ್ಕದಿಂದ ಬಂತು, ಯಾರು ಕೋರ್ಟಿಗೆ ಹೋದರು ಎಂಬುದು ತಿಳಿಯುವುದಿಲ್ಲ. ಆದೇಶದ ಪಠ್ಯವೇ ಬೇಕಾದವರಿಗೆ ಸೂಚಕ ಸಾಲದು.

ಇಚ್ಛೆಯಿದ್ದವರು ತಂದು ಸೇರಿಸಲಿ ಎಂಬ ಯಾವ ಸಂಗ್ರಹವಾದರೂ ಸೊರಗುವುದು ಒಂದೇ ರೀತಿಯಲ್ಲಿ. ಮೊದಲ ವರ್ಷ ಉತ್ಸಾಹದಿಂದ ಹಳೆಯ ಆದೇಶಗಳನ್ನೆಲ್ಲ ಏರಿಸುತ್ತಾರೆ. ಆ ಕೆಲಸ ನೋಡುತ್ತಿದ್ದ ಅಧಿಕಾರಿಗೆ ವರ್ಗವಾಗುತ್ತದೆ, ಪಾಸ್‌ವರ್ಡ್ ಅವರ ಜೊತೆಗೇ ಹೋಗುತ್ತದೆ. ಗೆದ್ದ ಆದೇಶ ಮಾತ್ರ ಕಾಣುತ್ತದೆ, ಸೋತದ್ದು ಕಾಣುವುದಿಲ್ಲ, ಯಾಕೆಂದರೆ ತಮ್ಮ ಆದೇಶ ರದ್ದಾಯಿತು ಎಂದು ಬಂದು ತಿದ್ದುವುದು ಯಾರ ಕೆಲಸದ ಪಟ್ಟಿಯಲ್ಲೂ ಇರುವುದಿಲ್ಲ.

ಇದಕ್ಕೆ ಸರಿಯಾದ ಉತ್ತರ ಕೊಟ್ಟದ್ದು ಐರೋಪ್ಯ ಒಕ್ಕೂಟದ ‘ಆರ್ಟಿಕಲ್ 7’ ವ್ಯವಸ್ಥೆ ಎಂಬುದು ನಮ್ಮ ಖಚಿತ ಅಭಿಪ್ರಾಯ. 2002ರ ಫ್ರೇಮ್‌ವರ್ಕ್ ನಿರ್ದೇಶನದ 7ನೇ ವಿಧಿಯಿಂದ ಬಂದ ಹೆಸರು ಅದು. 2018ರ ಹೊಸ ಸಂಹಿತೆಯಲ್ಲಿ ಅದೇ ವಿಷಯ 32ನೇ ವಿಧಿಯಲ್ಲಿದೆ, ಆದರೂ ಹಳೆಯ ಹೆಸರೇ ಬಾಯಲ್ಲಿ ಉಳಿದಿದೆ. ಅಲ್ಲಿ ಹಂಚಿಕೆ ಬೇರೆಯೇ ಕೆಲಸವಲ್ಲ, ಆದೇಶ ಮಾಡುವ ದಾರಿಯ ಮಧ್ಯದಲ್ಲೇ ಅದು ಇದೆ. ರಾಷ್ಟ್ರೀಯ ನಿಯಂತ್ರಕರು ಯಾವ ಮಾರುಕಟ್ಟೆಯಲ್ಲಿ ಯಾವ ಕಂಪನಿ ಪ್ರಬಲ, ಅದರ ಮೇಲೆ ಯಾವ ಹೊಣೆ ಹೊರಿಸಬೇಕು ಎಂದು ಕರಡು ಸಿದ್ಧಮಾಡುತ್ತಾರೆ, ದೇಶದೊಳಗೆ ಅಭಿಪ್ರಾಯ ಕೇಳುತ್ತಾರೆ, ಆಮೇಲೆ ಸಾರಾಂಶದ ನಮೂನೆಯೊಂದಿಗೆ ಒಕ್ಕೂಟದ ಕಾರ್ಯಾಂಗವಾದ ಯೂರೋಪಿಯನ್ ಕಮಿಷನ್‌ಗೆ ಕಳಿಸುತ್ತಾರೆ. ಕಳಿಸದೆ ಅಂತಿಮ ಆದೇಶ ಮಾಡುವ ಹಾಗಿಲ್ಲ. ನೋಂದಣಿಯಾದ ಕೂಡಲೇ ಕರಡಿಗೆ ಒಂದು ಸಂಖ್ಯೆ ಬೀಳುತ್ತದೆ, ಒಂದು ತಿಂಗಳ ಗಡಿಯಾರ ಓಡತೊಡಗುತ್ತದೆ. ಅಷ್ಟರಲ್ಲಿ ಕಮಿಷನ್ ಸುಮ್ಮನಿರಬಹುದು, ಟಿಪ್ಪಣಿ ಬರೆಯಬಹುದು, ಅಥವಾ ‘ಗಂಭೀರ ಸಂದೇಹ’ ಇದೆ ಎಂದು ಎರಡನೇ ಹಂತ ತೆರೆಯಬಹುದು. ಮಾರುಕಟ್ಟೆಯ ವ್ಯಾಖ್ಯಾನ, ಪ್ರಾಬಲ್ಯದ ತೀರ್ಮಾನ ಇವುಗಳ ಬಗ್ಗೆ ಸಂದೇಹವಿದ್ದರೆ ಇನ್ನೂ ಎರಡು ತಿಂಗಳು. ಕೊನೆಗೆ ಕರಡನ್ನು ಹಿಂತೆಗೆದುಕೊಳ್ಳಿ ಎಂದು ಹೇಳುವ ಅಧಿಕಾರವೂ ಉಂಟು.

ಸಂಖ್ಯೆಯನ್ನು ಹತ್ತಿರದಿಂದ ನೋಡಿ: ಎಫ್‌ಐ/2004/0082. ಮೊದಲ ಎರಡಕ್ಷರ ಫಿನ್ಲೆಂಡ್, ನಂತರ ಕಳಿಸಿದ ವರ್ಷ, ಕೊನೆಗೆ ಸರಣಿ ಸಂಖ್ಯೆ. ಸರಣಿ ವರ್ಷಕ್ಕೊಮ್ಮೆ ಒಂದರಿಂದ ಶುರುವಾಗುವುದಿಲ್ಲ, ಎಲ್ಲ ದೇಶಗಳಿಗೂ ಸೇರಿ ಮುಂದುವರಿಯುತ್ತಲೇ ಹೋಗುತ್ತದೆ. ಹಾಗಾಗಿ ಕೊನೆಯ ಅಂಕಿಯೊಂದೇ ಸಾಕು, ಪ್ರಕರಣ ಯಾವುದೆಂದು ಗುರುತಿಸಬಹುದು. ಈ ಪ್ರಕರಣದಲ್ಲಿ ಫಿನ್ಲೆಂಡಿನ ನಿಯಂತ್ರಕರು ಮೊಬೈಲ್ ಜಾಲದ ಸಗಟು ಮಾರುಕಟ್ಟೆಯಲ್ಲಿ ಟೆಲಿಯಾಸೊನೆರಾ ಕಂಪನಿ ಪ್ರಬಲ ಎಂದಿದ್ದರು. ಕಮಿಷನ್ 2004ರ ಅಕ್ಟೋಬರ್ 5ರಂದು ಅದನ್ನು ತಡೆಯಿತು. ಅದೇ ವರ್ಷದ ಫೆಬ್ರವರಿ 20ರಂದು ಫಿನ್ಲೆಂಡಿನದೇ 0024 ಮತ್ತು 0027ನೇ ಪ್ರಕರಣಗಳಲ್ಲಿ ಮೊದಲ ಸಲ ಈ ಅಧಿಕಾರ ಬಳಕೆಯಾಗಿತ್ತು. ಕರಡು, ಪ್ರಶ್ನೆ, ಪತ್ರ, ತಡೆ ಎಲ್ಲವೂ ಒಂದೇ ಸಂಖ್ಯೆಯಡಿ ಇರುವುದರಿಂದ ಸೋತ ಕರಡೂ ಓದಲು ಸಿಗುತ್ತದೆ. ಇನ್ನೊಂದು ದೇಶದವರಿಗೆ ಇದರಷ್ಟು ಪಾಠ ಕಲಿಸುವ ಕಾಗದ ಬೇರೆ ಇಲ್ಲ, ಏಕೆಂದರೆ ಯಾವ ಪುರಾವೆ ಸಾಲದೆ ಹೋಯಿತು ಎಂದು ಅಲ್ಲಿ ಬಿಡಿಸಿ ಬರೆದಿರುತ್ತದೆ.

ಕಮಿಷನ್ ಕಳಿಸುವ ಆ ಪತ್ರಗಳ ಕೊನೆಯ ಪ್ಯಾರಾವನ್ನೂ ಗಮನಿಸಬೇಕು. ಪತ್ರ ತಲುಪಿದ ಮೂರು ಕೆಲಸದ ದಿನಗಳೊಳಗೆ, ಇದರಲ್ಲಿ ಗುಟ್ಟಾಗಿಡಬೇಕಾದ ವ್ಯಾಪಾರದ ಮಾಹಿತಿ ಇದ್ದರೆ ತಿಳಿಸಿ, ಅಷ್ಟನ್ನು ತೆಗೆದು ಪ್ರಕಟಿಸುತ್ತೇವೆ ಎಂದಿರುತ್ತದೆ. ಅಂದರೆ ಪ್ರಕಟಣೆಯೇ ವಾಡಿಕೆ, ಗೋಪ್ಯತೆ ಕೇಳಿ ಪಡೆಯಬೇಕಾದದ್ದು. ಹಂಚಿಕೆಗೆ ಪ್ರತ್ಯೇಕ ಅನುಮತಿ ಕಾಯುತ್ತಾ ಕೂತರೆ ಎಷ್ಟು ಕಡತ ಧೂಳು ಹಿಡಿಯುತ್ತವೆ ಎಂದು ಬಲ್ಲವರಿಗೆ ಈ ಒಂದು ಪ್ಯಾರಾದ ಬೆಲೆ ಗೊತ್ತು.

ಈಗ ಒಂದು ದಾಖಲೆ ತುಂಬುವ ಬಗೆ. ನಮ್ಮ ಮೊಬೈಲ್ ಟರ್ಮಿನೇಶನ್ ಶುಲ್ಕವನ್ನೇ ತೆಗೆದುಕೊಳ್ಳೋಣ. ಒಂದು ಜಾಲದ ಕರೆ ಇನ್ನೊಂದು ಜಾಲದಲ್ಲಿ ಮುಗಿದಾಗ ಮೊದಲನೆಯವರು ಎರಡನೆಯವರಿಗೆ ಕೊಡುವ ಹಣ ಅದು. 2009ರ ಏಪ್ರಿಲ್ 1ರಿಂದ ನಿಮಿಷಕ್ಕೆ 20 ಪೈಸೆ, 2015ರ ಮಾರ್ಚ್ 1ರಿಂದ 14 ಪೈಸೆ, 2017ರ ಅಕ್ಟೋಬರ್ 1ರಿಂದ 6 ಪೈಸೆ. 2017ರ ಸೆಪ್ಟೆಂಬರಿನ ಅದೇ ನಿಯಮದಲ್ಲಿ 2020ರ ಜನವರಿ 1ರಿಂದ ಸೊನ್ನೆ ಎಂದಿತ್ತು. ಆದರೆ 2019ರ ಡಿಸೆಂಬರ್‌ನ ತಿದ್ದುಪಡಿ ಅದನ್ನು ಒಂದು ವರ್ಷ ಮುಂದೂಡಿ, 2021ರ ಜನವರಿ 1ರಿಂದ ಸೊನ್ನೆ ಎಂದಿತು. 2017ರ ಪಿಡಿಎಫ್ ಮಾತ್ರ ನೋಡಿ 2020ರ ಕಾಲಂನಲ್ಲಿ ಸೊನ್ನೆ ಬರೆದರೆ ಇಡೀ ಒಂದು ವರ್ಷದ ಲೆಕ್ಕ ತಪ್ಪುತ್ತದೆ. ಹಾಗಾಗಿ ದಿನಾಂಕದ ಕಾಲಂ ಒಂದಿದ್ದರೆ ಸಾಲದು. ಸಹಿಯಾದ ದಿನ, ಪ್ರಕಟವಾದ ದಿನ, ಜಾರಿಯ ದಿನ, ಮುಗಿದ ದಿನ ನಾಲ್ಕೂ ಬೇರೆ ಬೇರೆ ಬೇಕು. ದರದ ಪ್ರತಿ ಹಂತಕ್ಕೂ ಒಂದೊಂದು ಸಾಲು ಬೇಕು, ಪ್ರತಿ ಸಾಲಿನಲ್ಲೂ ಅದನ್ನು ತಂದ ನಿಯಮ ಯಾವುದು, ಬದಲಿಸಿದ ನಿಯಮ ಯಾವುದು ಎಂಬ ಕೊಂಡಿ ಬೇಕು.

ದರವನ್ನು ಮೂಲ ನಾಣ್ಯದಲ್ಲೇ ಬರೆಯಿರಿ. ಐರೋಪ್ಯ ಒಕ್ಕೂಟದಲ್ಲಿ ಮೊಬೈಲ್ ಟರ್ಮಿನೇಶನ್‌ನ ಗರಿಷ್ಠ ದರ 2024ರಿಂದ ನಿಮಿಷಕ್ಕೆ 0.2 ಯೂರೋ ಸೆಂಟ್, ಸ್ಥಿರ ದೂರವಾಣಿಗೆ 0.07 ಸೆಂಟ್. ಇದನ್ನು ‘0.2 ಯೂರೋ’ ಎಂದು ಬರೆದುಬಿಟ್ಟರೆ ನೂರು ಪಟ್ಟು ತಪ್ಪಾಯಿತು, ಇದು ಆಗಾಗ ಆಗುವ ತಪ್ಪು. ಪೈಸೆಯ ಕಡೆಯೂ ಅಷ್ಟೇ. ಸೆಂಟನ್ನು ರೂಪಾಯಿಗೆ ತಿರುಗಿಸಿದ ಅಂಕಿ ಬೇಕಿದ್ದರೆ ಪಕ್ಕದ ಕಾಲಂನಲ್ಲಿ ವಿನಿಮಯ ದರದ ದಿನಾಂಕದೊಂದಿಗೆ ಇರಲಿ, ಮೂಲದ ಮೇಲೆ ಬರೆಯಬೇಡಿ. ಲಕ್ಷ, ಕೋಟಿ ಬಂದಲ್ಲಿ ಸೊನ್ನೆಗಳನ್ನು ಪೂರ್ತಿ ಬರೆದಿಡಿ. 50 ಲಕ್ಷವನ್ನು 50 ಮಿಲಿಯನ್ ಎಂದು ಓದಿಕೊಂಡರೆ ದಂಡ ಹತ್ತು ಪಟ್ಟಾಗುತ್ತದೆ. 2016ರ ಫೆಬ್ರವರಿ 8ರಂದು ಡೇಟಾ ದರದ ತಾರತಮ್ಯವನ್ನು ನಿಷೇಧಿಸಿದ ಟ್ರಾಯ್ ನಿಯಮದಲ್ಲಿ ದಂಡ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ; ಈ ಎರಡು ಅಂಕಿ ವಿದೇಶಿ ಪಟ್ಟಿಗಳಿಗೆ ಹೋಗುವಾಗ ಎಚ್ಚರ ಬೇಕು.

ಮುಂದಿನದು ದಾಖಲೆಯ ಜಾತಿ. ಟ್ರಾಯ್‌ನಿಂದ ಬರುವ ಕಾಗದಗಳೆಲ್ಲ ಒಂದೇ ತೂಕದವಲ್ಲ. ಟ್ರಾಯ್ ಕಾಯ್ದೆಯ 36ನೇ ಸೆಕ್ಷನ್ ಅಡಿ ಬರುವುದು ನಿಯಮಾವಳಿ. 11(2)ರ ಅಡಿ ಬರುವುದು ದರದ ಆದೇಶ. 13ರ ಅಡಿ ಬರುವುದು ನಿರ್ದೇಶನ. ಇವು ಮೂರೂ ಕಂಪನಿಗಳನ್ನು ಕಟ್ಟಿಹಾಕುತ್ತವೆ. 11(1)ರ ಎ ಭಾಗದಲ್ಲಿ ಬರುವ ಶಿಫಾರಸು ಹಾಗಲ್ಲ, ಅದು ಸರ್ಕಾರಕ್ಕೆ ಕೊಡುವ ಸಲಹೆ. ನೆಟ್ ನ್ಯೂಟ್ರಾಲಿಟಿಯ, ಅಂದರೆ ಇಂಟರ್‌ನೆಟ್‌ನಲ್ಲಿ ಎಲ್ಲ ಡೇಟಾವನ್ನೂ ಸಮಾನವಾಗಿ ಕಾಣುವ ತತ್ವದ, ಬಗ್ಗೆ ಟ್ರಾಯ್ ಶಿಫಾರಸು ಮಾಡಿದ್ದು 2017ರ ನವೆಂಬರ್ 28ರಂದು, ದೂರಸಂಪರ್ಕ ಇಲಾಖೆ ಒಪ್ಪಿದ್ದು 2018ರ ಜುಲೈನಲ್ಲಿ. ನಡುವಿನ ಏಳು ತಿಂಗಳು ಅದನ್ನು ‘ಭಾರತದ ತೀರ್ಮಾನ’ ಎಂದು ಪಟ್ಟಿ ಮಾಡಿದ್ದರೆ ತಪ್ಪಾಗುತ್ತಿತ್ತು. ಅಮೆರಿಕದ ನಿಯಂತ್ರಕ ಆಯೋಗ ಎಫ್‌ಸಿಸಿಯಲ್ಲಿ ಈ ವ್ಯತ್ಯಾಸ ಸಂಖ್ಯೆಯಲ್ಲೇ ಕಾಣುತ್ತದೆ: ‘ಎಫ್‌ಸಿಸಿ’ ಎಂದು ಶುರುವಾದರೆ ಆಯೋಗದ ಸದಸ್ಯರೇ ಮತ ಹಾಕಿ ಮಾಡಿದ್ದು, ‘ಡಿಎ’ ಎಂದು ಶುರುವಾದರೆ ಅವರು ಕೊಟ್ಟ ಅಧಿಕಾರದಲ್ಲಿ ಅಧಿಕಾರಿಗಳು ಮಾಡಿದ್ದು.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಒಂದೇ ಪದ, ಬೇರೆ ಅರ್ಥ. ಎಸ್‌ಎಂಪಿ, ಅಂದರೆ ಮಾರುಕಟ್ಟೆಯಲ್ಲಿ ಗಣನೀಯ ಬಲ ಎಂಬುದನ್ನೇ ನೋಡಿ. ಟ್ರಾಯ್‌ನ 2002ರ ಅಂತರ್‌ಸಂಪರ್ಕ ನಿಯಮದಲ್ಲಿ ಒಂದು ಸೇವಾ ಪ್ರದೇಶದ ಚಟುವಟಿಕೆಯಲ್ಲಿ 30% ಪಾಲಿದ್ದರೆ ಎಸ್‌ಎಂಪಿ. ಯೂರೋಪಿನ ಹಳೆಯ ನಿಯಮದಲ್ಲಿ 25% ಮೀರಿದರೆ ಹಾಗೆಂದು ಭಾವಿಸುತ್ತಿದ್ದರು. 2002ರ ನಂತರ ಅಲ್ಲಿ ಶೇಕಡಾವಾರು ಗೆರೆ ಹೋಗಿ, ಸ್ಪರ್ಧಾ ಕಾನೂನಿನ ‘ಪ್ರಾಬಲ್ಯ’ದ ಪರೀಕ್ಷೆ ಬಂತು, ಈಗ ಪಾಲಿನ ಜೊತೆಗೆ ಪ್ರವೇಶದ ಅಡ್ಡಿ, ಗ್ರಾಹಕರ ಚೌಕಾಶಿ ಶಕ್ತಿ ಎಲ್ಲವನ್ನೂ ತೂಗಬೇಕು. ಡೇಟಾಬೇಸ್‌ನಲ್ಲಿ ಎಸ್‌ಎಂಪಿ ಎಂದು ಹುಡುಕಿದರೆ ಈ ಮೂರೂ ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಪ್ರತಿ ದಾಖಲೆಯಲ್ಲಿ ‘ಈ ಪದಕ್ಕೆ ಇಲ್ಲಿ ಏನರ್ಥ, ಯಾವ ಕಾನೂನಿನ ಯಾವ ವಿಧಿ’ ಎಂಬ ಒಂದು ಸಾಲು ಇದ್ದರೆ ಓದುಗರು ಬಚಾವ್. ಮಾರುಕಟ್ಟೆಯ ಹೆಸರಿಗೂ ಇದೇ ಮಾತು: ಮೊದಲೇ ನಿಯಂತ್ರಣಕ್ಕೆ ಒಳಪಡಿಸಬಹುದಾದ ಮಾರುಕಟ್ಟೆಗಳ ಕಮಿಷನ್ ಪಟ್ಟಿಯಲ್ಲಿ 2003ರಲ್ಲಿ 18 ಇದ್ದವು, 2007ರಲ್ಲಿ 7, 2014ರಲ್ಲಿ 4, 2020ರಲ್ಲಿ 2. ‘ಮಾರುಕಟ್ಟೆ 4’ ಎಂದಷ್ಟೇ ಬರೆದರೆ ಯಾವ ವರ್ಷದ ಪಟ್ಟಿಯ ನಾಲ್ಕು?

ಜಾಗದ ವಿಷಯವೂ ಸರಳವಲ್ಲ. ಭಾರತ 22 ಪರವಾನಗಿ ಸೇವಾ ಪ್ರದೇಶಗಳಾಗಿ ಹಂಚಿಹೋಗಿದೆ, ಕರ್ನಾಟಕ ಅದರಲ್ಲೊಂದು ‘ಎ’ ವರ್ಗದ ಸರ್ಕಲ್. ತರಂಗಾಂತರ ಹರಾಜಿನ ಮೂಲಬೆಲೆ ಸರ್ಕಲ್‌ಗೊಂದು ಇರುವಾಗ ದೇಶದ ಕಾಲಂನಲ್ಲಿ ‘ಭಾರತ’ ಎಂದು ಹಾಕಿ ಒಂದು ಬೆಲೆ ಬರೆಯುವುದರಲ್ಲಿ ಅರ್ಥವಿಲ್ಲ. ದೇಶದ ಎರಡಕ್ಷರದ ಸಂಕೇತದಲ್ಲೂ ಒಂದು ಗುಂಡಿ ಇದೆ: ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಪಟ್ಟಿಯಲ್ಲಿ ಗ್ರೀಸ್ ಜಿಆರ್, ಬ್ರಿಟನ್ ಜಿಬಿ, ಯೂರೋಪಿಯನ್ ಕಮಿಷನ್ ಬಳಸುವುದು ಇಎಲ್ ಮತ್ತು ಯುಕೆ. ಎರಡು ಸಂಗ್ರಹಗಳನ್ನು ಒಂದುಗೂಡಿಸುವಾಗ ಈ ಎರಡು ದೇಶಗಳ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ, ಯಾವ ಎರರ್ ಸಂದೇಶವೂ ಬರುವುದಿಲ್ಲ. ನಿಯಂತ್ರಕರ ಹೆಸರೂ ಸ್ಥಿರವಲ್ಲ. ಬ್ರಿಟನ್ನಿನ ಆಫ್‌ಟೆಲ್ ಕೆಲಸ ಆಫ್‌ಕಾಮ್‌ಗೆ ಹೋಯಿತು, ನೆದರ್ಲೆಂಡ್ಸಿನ ಒಪಿಟಿಎ 2013ರಲ್ಲಿ ಎಸಿಎಂ ಒಳಗೆ ಸೇರಿತು, ಫಿನ್ಲೆಂಡಿನ ಫಿಕೋರಾ 2019ರಲ್ಲಿ ಟ್ರಾಫಿಕಾಮ್ ಆಯಿತು. ಪ್ರತಿ ಬದಲಾವಣೆಯಲ್ಲೂ ವೆಬ್‌ಸೈಟ್ ಬದಲಾಗಿ ಹಳೆಯ ಕೊಂಡಿಗಳು ಸಾಯುತ್ತವೆ. ಕೊಂಡಿಯ ಜೊತೆಗೆ ಕಡತದ ಪ್ರತಿಯನ್ನೂ ಇಟ್ಟುಕೊಳ್ಳಿ. ಇಳಿಸಿಕೊಂಡ ದಿನ ಮತ್ತು ಕಡತದ ಶಾ-256 ಮೊತ್ತ (ಕಡತದಲ್ಲಿ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಗುರುತು) ಬರೆದಿಟ್ಟರೆ, ಯಾರಾದರೂ ಅದೇ ವಿಳಾಸದಲ್ಲಿ ತಿದ್ದಿದ ಪಿಡಿಎಫ್ ಇಟ್ಟಾಗ ತಕ್ಷಣ ಗೊತ್ತಾಗುತ್ತದೆ.

ಕಡತದ ಒಳಗಿನ ತೊಂದರೆಗಳು ಮೂರು ಬಗೆ. ಸ್ಕ್ಯಾನ್ ಮಾಡಿದ ಪುಟದಲ್ಲಿ ಅಕ್ಷರವೇ ಇರುವುದಿಲ್ಲ, ಚಿತ್ರ ಮಾತ್ರ; ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ಹಾಕದೆ ಹುಡುಕಾಟಕ್ಕೆ ಸಿಗದು. ಹಾಕಿದ ಮೇಲೂ ಅಂಕಿಗಳನ್ನು ಕಣ್ಣಿನಿಂದ ಹೋಲಿಸಲೇಬೇಕು, ದಶಮಾಂಶದ ಚುಕ್ಕಿ ಮೊದಲು ಬಿದ್ದುಹೋಗುವುದು. ಎರಡನೆಯದು ಹಳೆಯ ಫಾಂಟ್. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಮಾಡಿದ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುವುದನ್ನು ಕನ್ನಡಿಗರೆಲ್ಲ ಕಂಡಿದ್ದಾರೆ. ಕೃತಿದೇವ್ ಫಾಂಟ್‌ನಲ್ಲಿ ಮಾಡಿದ ಹಿಂದಿ ಕಡತಗಳದ್ದೂ ಅದೇ ಪಾಡು. ಪರದೆಯಲ್ಲಿ ಸರಿಯಾಗಿ ಕಾಣುವುದರಿಂದ ಇದು ಕೈಗೆ ಸಿಕ್ಕುವುದೇ ಇಲ್ಲ. ಪ್ರತಿ ಕಡತದಿಂದ ಒಂದು ಪ್ಯಾರಾ ನಕಲು ಮಾಡಿ ಅಂಟಿಸಿ ನೋಡುವುದೊಂದೇ ಪರೀಕ್ಷೆ. ಮೂರನೆಯದು ಮರೆಮಾಡಿದ ಮಾಹಿತಿ. ಆಫ್‌ಕಾಮ್ ತನ್ನ ಬಹಿರಂಗ ಪ್ರತಿಗಳಲ್ಲಿ ತೆಗೆದ ಜಾಗಕ್ಕೆ ಚೌಕ ಕಂಸದೊಳಗೆ ಕತ್ತರಿಯ ಚಿಹ್ನೆ ಹಾಕುತ್ತದೆ: ಇಲ್ಲಿ ಏನೋ ಇತ್ತು, ಕತ್ತರಿಸಿದ್ದೇವೆ ಎಂದು ಓದುಗರಿಗೆ ಸ್ಪಷ್ಟ. ಅದೇ ಅಕ್ಷರಗಳ ಮೇಲೆ ಕಪ್ಪು ಪಟ್ಟಿ ಎಳೆದು ಪಿಡಿಎಫ್ ಮಾಡಿದರೆ ಕೆಳಗಿನ ಪಠ್ಯ ಹಾಗೇ ಉಳಿದು, ನಕಲು ಮಾಡಿದವರಿಗೆ ಕಂಪನಿಯ ಖರ್ಚಿನ ಅಂಕಿ ಸಿಕ್ಕಿಬಿಡಬಹುದು. ಅಂಥ ಕಡತ ಕಂಡರೆ ಡೇಟಾಬೇಸ್‌ಗೆ ಸೇರಿಸುವ ಮೊದಲು ಹೊರಡಿಸಿದವರಿಗೆ ತಿಳಿಸಿ.

ಭಾಷಾಂತರದ ಬಗ್ಗೆ ಒಂದೇ ಮಾತು: ಅನುವಾದ ಓದಲಿಕ್ಕೆ, ಮೂಲ ಉಲ್ಲೇಖಿಸಲಿಕ್ಕೆ. ಎರಡನ್ನೂ ಇಡಿ, ಯಾವುದು ಅಧಿಕೃತ ಎಂದು ಬರೆಯಿರಿ.

ಸ್ಥಿತಿಯ ಕಾಲಂಗೆ ಮತ್ತೆ ಬರುತ್ತೇವೆ, ಯಾಕೆಂದರೆ ಎಲ್ಲವೂ ನಿಂತಿರುವುದು ಅಲ್ಲೇ. ‘ಜಾರಿಯಲ್ಲಿದೆ’ ಮತ್ತು ‘ಇಲ್ಲ’ ಎಂಬ ಎರಡೇ ಆಯ್ಕೆ ಇಟ್ಟರೆ ನಿಜ ಹಿಡಿಯದು. ಕರಡು, ಹೊರಡಿಸಲಾಗಿದೆ ಆದರೆ ಜಾರಿಯ ದಿನ ಬಂದಿಲ್ಲ, ಜಾರಿಯಲ್ಲಿದೆ, ತಡೆಯಾಜ್ಞೆ ಇದೆ, ಭಾಗಶಃ ರದ್ದು, ಪೂರ್ತಿ ರದ್ದು, ಹೊಸದರಿಂದ ಬದಲು, ಹಿಂತೆಗೆದುಕೊಳ್ಳಲಾಗಿದೆ ಇಷ್ಟಾದರೂ ಬೇಕು. ಪಕ್ಕದಲ್ಲಿ ‘ಕೊನೆಯ ಸಲ ಪರಿಶೀಲಿಸಿದ ದಿನ’ ಎದ್ದು ಕಾಣಬೇಕು. ಅಮೆರಿಕದ ನೆಟ್ ನ್ಯೂಟ್ರಾಲಿಟಿ ಈ ಕಾಲಂಗೆ ಒಳ್ಳೆಯ ಪರೀಕ್ಷೆ. 2015ರಲ್ಲಿ ಎಫ್‌ಸಿಸಿ 15-24 ನಿಯಮ ತಂದಿತು, 2017ರ ಡಿಸೆಂಬರ್‌ನಲ್ಲಿ ಮತ ಹಾಕಿದ 17-166 ಅದನ್ನು ತೆಗೆಯಿತು, 2024ರ ಏಪ್ರಿಲ್‌ನಲ್ಲಿ 24-52 ಮತ್ತೆ ತಂದಿತು, 2025ರ ಜನವರಿ 2ರಂದು ಆರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಮೂರು ಆದೇಶಗಳ ಮುಖ್ಯ ಡಾಕೆಟ್ (ಪ್ರಕರಣದ ಕಡತ) ಸಂಖ್ಯೆಗಳೂ ಬೇರೆ: 14-28, 17-108, 23-320. ಮುಖ್ಯ ಡಾಕೆಟ್‌ನಿಂದ ಮಾತ್ರ ಕೊಂಡಿ ಹಾಕಿದರೆ ಈ ಮೂರೂ ಪರಸ್ಪರ ಸಂಬಂಧವಿಲ್ಲದ ಆದೇಶಗಳಂತೆ ಕಾಣುತ್ತವೆ. ‘ಇದು ಯಾವುದನ್ನು ರದ್ದುಮಾಡಿತು’ ಎಂಬ ಕೊಂಡಿಯನ್ನು ಕೈಯಿಂದಲೇ ಹಾಕಬೇಕು, ಮತ್ತು ಎರಡೂ ಕಡೆಯಿಂದ ಹಾಕಬೇಕು. ಹೊಸದರಲ್ಲಿ ಮಾತ್ರ ಹಾಕಿದರೆ ಹಳೆಯದನ್ನು ತೆರೆದವರಿಗೆ ಏನೂ ತಿಳಿಯದು.

ಬಳಸುವವರ ಕಡೆಯಿಂದ ಹೇಳುವುದಾದರೆ, ಬೇರೆ ದೇಶದ ಆದೇಶವೊಂದನ್ನು ನಿಮ್ಮ ಅರ್ಜಿಯಲ್ಲೋ ಸಮಾಲೋಚನಾ ಪತ್ರಕ್ಕೆ ಕಳಿಸುವ ಅಭಿಪ್ರಾಯದಲ್ಲೋ ಉಲ್ಲೇಖಿಸುವ ಮೊದಲು ಅರ್ಧ ಗಂಟೆ ಕೊಡಿ. ಡೇಟಾಬೇಸ್‌ನಿಂದ ಸಂಖ್ಯೆ ಮತ್ತು ದಿನಾಂಕ ಎತ್ತಿಕೊಂಡು ಆ ನಿಯಂತ್ರಕರ ಸ್ವಂತ ತಾಣದಲ್ಲಿ ಮೂಲ ತೆರೆಯಿರಿ. ಅದೇ ಸಂಖ್ಯೆಗೆ ತಿದ್ದುಪಡಿ ಇದೆಯೇ ಹುಡುಕಿ. ಆಮೇಲೆ ಮೇಲ್ಮನವಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿದು ಅಲ್ಲಿ ಕಂಪನಿಗಳ ಹೆಸರು, ಉದ್ಯಮ ಸಂಘದ ಹೆಸರು ಎರಡರಿಂದಲೂ ಹುಡುಕಿ. ಕಾಲ್ ಡ್ರಾಪ್ ಪ್ರಕರಣ ಕೋರ್ಟಿನಲ್ಲಿ ಇರುವುದು ಯಾವ ಮೊಬೈಲ್ ಕಂಪನಿಯ ಹೆಸರಲ್ಲೂ ಅಲ್ಲ, ಸೆಲ್ಯುಲರ್ ಆಪರೇಟರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಹೆಸರಲ್ಲಿ. ತೀರ್ಪಿನ ದಿನಾಂಕವನ್ನು 11/05/2016 ಎಂದು ಬರೆದರೆ ಅಮೆರಿಕದವರು ನವೆಂಬರ್ 5 ಎಂದು ಓದುತ್ತಾರೆ. 2016-05-11 ಎಂದು ಬರೆದರೆ ಗೊಂದಲವಿಲ್ಲ.

ಆ ತೀರ್ಪನ್ನು ಕೊನೆಯವರೆಗೂ ಓದಿದವರಿಗೆ ಇನ್ನೊಂದು ಸಂಗತಿ ಸಿಗುತ್ತದೆ. ನಿಯಮ ಬಿದ್ದದ್ದಕ್ಕೆ ಕೊಟ್ಟ ಕಾರಣಗಳಲ್ಲಿ, ಟ್ರಾಯ್ ಕಾಯ್ದೆಯ 11(4)ನೇ ಸೆಕ್ಷನ್ ಕೇಳುವ ಪಾರದರ್ಶಕತೆ ಪಾಲನೆಯಾಗಲಿಲ್ಲ ಎಂಬುದೂ ಒಂದು. ಅಷ್ಟಕ್ಕೇ ನಿಲ್ಲದೆ ಕೋರ್ಟು, ನಿಯಮ ಮಾಡುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಿ, ಅದಕ್ಕೆ ಕಾರಣಸಹಿತ ಉತ್ತರ ಕೊಡುವ ಅಮೆರಿಕದ ಕಾನೂನಿನ ಕ್ರಮವನ್ನು ನೋಡಿ, ಅಂಥದ್ದನ್ನು ಭಾರತದಲ್ಲೂ ತರುವ ಬಗ್ಗೆ ಸಂಸತ್ತು ಯೋಚಿಸಲಿ ಎಂದಿತು. ಈ ದಾಖಲೆಯ ಸ್ಥಿತಿಯ ಕಾಲಂನಲ್ಲಿ ‘ಪೂರ್ತಿ ರದ್ದು’ ಎಂದು ಬರೆದ ಮೇಲೆ, ಕಾರಣದ ಕಾಲಂನಲ್ಲಿ ಈ ಎರಡು ವಾಕ್ಯಗಳನ್ನೂ ಬರೆಯಿರಿ, ತೀರ್ಪಿನ ಪ್ಯಾರಾ ಸಂಖ್ಯೆಯೊಂದಿಗೆ.